ಟೋಪಿಯ ಒಳಗಿನ ಹೆಸರು

ಟೋಪಿ ಹೊಲಿಸಲು ಬಂದವರು ಎಷ್ಟೇ ಅವಸರದಲ್ಲಿರಲಿ, ಹೊಲಿದುಕೊಡುವ ಆ ಹಿರಿಯಾಕೆ ಮೊದಲು ಮೆಷಿನ್ನಿನ ಹಿಡಿಯಿಂದ ಕೈ ತೆಗೆಯುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಂದವರ ಮುಖವನ್ನು ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಈ ಮಾತನ್ನ ಮೊದಲು ಯಾರ ಬಾಯಲ್ಲಿ ಕೇಳ್ದೆ?"

ಆ ಮಾತು ‘ಡೇಗೋ’. ಅಮೆರಿಕದ ಈ ನಮ್ಮೂರಿನ ಸ್ಯಾನ್ ಡಿಯಾಗೋ ಎಂಬ ಉದ್ದದ ಹೆಸರನ್ನು ಊರಿನ ಆಗ್ನೇಯ ಭಾಗದ ಜನ ಮೊಟಕು ಮಾಡಿ ಕರೆಯುವ ಹೆಸರು. ಉತ್ತರ ಬರುವವರೆಗೆ ಸೂಜಿ ಕೆಳಗಿಳಿಯುತ್ತಿರಲಿಲ್ಲ. "ನಮ್ಮಜ್ಜಿ" ಎಂದರೆ ಸಾಲದು, ಅಜ್ಜಿಯ ಹೆಸರು ಹೇಳಬೇಕು. ಹೇಳಿದರೆ ಟೋಪಿಯ ಮುಂಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಡೇಗೋ ಎಂದು ಹೊಲಿದು, ಆಮೇಲೆ ಟೋಪಿಯನ್ನು ಮಗುಚಿ, ಹಣೆಗೆ ತಾಗುವ ಒಳಪಟ್ಟಿಯ ಮೇಲೆ ಆ ಅಜ್ಜಿಯ ಹೆಸರನ್ನು ಸಣ್ಣದಾಗಿ ಹೊಲಿಯುತ್ತಿದ್ದರು. ಒಳಗಿನ ಹೆಸರು ಬೇಡ ಎಂದವರಿಗೆ ಹೊರಗಿನದೂ ಇಲ್ಲ.

ಸುಹಾಸ, ಮೇದಿನಿ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನೀವು ನಾನು ಹೇಳಿದ್ದನ್ನೆಲ್ಲ ತಿಳಿದುಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮೊಮ್ಮಕ್ಕಳು. ಓದಲು ಕಷ್ಟವಾದರೆ ನಿಮ್ಮಮ್ಮನಿಂದ ಓದಿಸಿಕೊಳ್ಳಿ. ಆ ಟೋಪಿ ಹೊಲಿಯುತ್ತಿದ್ದವರ ಹೆಸರನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಇರಬೇಕಾದ ಜಾಗ ಒಳಗಡೆ ಎನ್ನುವುದು ಅವರದೇ ಕಟ್ಟಳೆ.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹಾಗೆಂದರೆ ಏನೆಂದು ಕೇಳಿ ತಿಳಿದುಕೊಂಡು, "ಅಂದ್ರೆ ನಾನು ನಿನಗಿಂತ ಮುದುಕಿ ಅಂತ ಹೇಳ್ತಾ ಇದೀಯ" ಎಂದು ಗದರಿದರು. ಮುಂದಿನ ವಾರ ಹೆದರಿಕೊಂಡು "ಮೇಡಂ" ಎಂದು ಕರೆದರೆ ತಿರುಗಿಯೂ ನೋಡಲಿಲ್ಲ. ಮತ್ತೆ "ಅಕ್ಕ" ಎಂದ ಮೇಲೆಯೇ ಓಗೊಟ್ಟದ್ದು. ಅವರು ಆಡುತ್ತಿದ್ದುದು ಇಂಗ್ಲಿಷು. ನನ್ನೊಳಗೆ ಇಳಿಯುವ ಹೊತ್ತಿಗೆ ಅದು ನಾಗಮಂಗಲದ ಕಡೆಯ ಮಾತಾಗಿರುತ್ತಿತ್ತು. ಹಾಗೆಯೇ ಬರೆಯುತ್ತೇನೆ.

ನಿಮ್ಮ ತಾತ ತೀರಿಕೊಂಡು, ನಿಮ್ಮಮ್ಮ ಶಾಂತಲ ನನ್ನನ್ನು ಊರಿನ ಉತ್ತರಕ್ಕೆ ಗುಡ್ಡದ ಮೇಲಿರುವ ಪೆನಾಸ್ಕಿಟೋಸ್‌ನ ಮನೆಗೆ ಕರೆದುಕೊಂಡು ಬಂದು ಒಂದು ವರ್ಷವಾಗಿತ್ತು. ಎರಡು ಸಾವಿರದ ಎರಡನೆಯ ಇಸವಿ ಇರಬೇಕು. ಇಲ್ಲಿಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳ ಕೋಲಾಟ ಇತ್ತು. ಹಳದಿ ಕೆಂಪು ಶಲ್ಯಗಳ ಮೇಲೆ ‘ಕನ್ನಡ’ ಎಂದು ಹೊಲಿಸಬೇಕೆಂದು ಹೆಂಗಸರೆಲ್ಲ ನಿರ್ಧರಿಸಿದ್ದರು. ಕಂಪ್ಯೂಟರ್ ಮೆಷಿನ್ ಇಟ್ಟುಕೊಂಡಿದ್ದ ಅಂಗಡಿಯವರು ಒತ್ತಕ್ಷರವನ್ನು ಬೇರೆ, ತಲೆಕಟ್ಟನ್ನು ಬೇರೆ ಹೊಲಿದು ಕೊಟ್ಟರು. ಕಾರ್ಲ್ಸ್‌ಬಾಡ್‌ನ ಲ್ಯಾಬಿನಲ್ಲಿ ಶಾಂತಲನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಾಕೆ ದಾರಿ ತೋರಿಸಿದಳು.

"ಅಮ್ಮ, ಸ್ವಾಪ್ ಮೀಟ್‌ನಲ್ಲಿ ಒಬ್ಬರಿದಾರಂತೆ. ಹಳೇ ಕೈಮೆಷಿನ್. ಯಾವ ಅಕ್ಷರ ಬರೆದುಕೊಟ್ಟರೂ ಹಂಗೇ ಹೊಲೀತಾರಂತೆ. ಏರಿಯಾ ಮಾತ್ರ ಅಷ್ಟು ಚೆನ್ನಾಗಿಲ್ಲ, ಬೇಗ ಹೋಗಿ ಬೇಗ ಬಂದುಬಿಡೋಣ" ಎಂದಳು.

ಸ್ವಾಪ್ ಮೀಟ್ ಎಂದರೆ ನಮ್ಮ ಸಂತೆ. ಬಯಲಿನಲ್ಲಿ ಟಾರ್ಪಾಲು ಕಟ್ಟಿ, ಬೂಟು, ಪಾತ್ರೆ, ಕೋಳಿಮರಿ, ಕ್ಯಾಸೆಟ್ಟು ಎಲ್ಲ ಮಾರುತ್ತಾರೆ. ಅಕ್ಕನ ಮಳಿಗೆ ಒಂದು ಮೂಲೆಯಲ್ಲಿತ್ತು. ಎತ್ತರದ ಕಪ್ಪು ಹೆಂಗಸು, ಅರವತ್ತು ದಾಟಿರಬೇಕು. ಕಿವಿಯಲ್ಲಿ ಬಳೆಯಷ್ಟು ದೊಡ್ಡ ಓಲೆ. ಉಗುರುಗಳಿಗೆ ಗಾಢ ನೀಲಿ ಬಣ್ಣ. ಅಷ್ಟುದ್ದದ ಉಗುರು ಬಿಟ್ಟುಕೊಂಡು ಹೊಲಿಯುವುದು ಹೇಗೆ ಎಂದು ನಾನು ನೋಡುತ್ತಾ ನಿಂತೆ. ಅವರ ಒಂದು ಕೈ ಮೇಜಿನ ಕೆಳಗಿನ ಹಿಡಿಯನ್ನು ತಿರುಗಿಸುತ್ತಿತ್ತು. ಹಿಡಿ ತಿರುಗಿದ ಕಡೆಗೆ ಬಟ್ಟೆ ತಿರುಗುತ್ತಿತ್ತು. ಬಟ್ಟೆಯ ಮೇಲೆ ಸರಪಳಿ ಹೊಲಿಗೆ ಹಾವಿನಂತೆ ಹರಿಯುತ್ತಿತ್ತು. ನಾನು ಪ್ರೈಮರಿ ಶಾಲೆಯ ಹೊಲಿಗೆ ತರಗತಿಯಲ್ಲಿ ಕೈಯಿಂದ ಕಲಿತ ಅದೇ ಹೊಲಿಗೆ.

ಶಾಂತಲ ಚೀಟಿಯಲ್ಲಿ ಬರೆದ ‘ಕನ್ನಡ’ವನ್ನು ಕೊಟ್ಟಳು. ಅಕ್ಕ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿ ಆ ಪ್ರಶ್ನೆ ಕೇಳಿದರು. ನಾನು ಸೆರಗು ಹೊದ್ದು ನೆಲ ನೋಡಿದೆ. ನಾನು ಯಾರ ಎದುರೂ ಬಾಯಿ ಬಿಡದ ಹೆಂಗಸು. ಶಾಂತಲ ನನ್ನ ಪರವಾಗಿ ಹೇಳಲು ಹೋದಳು.

"ನಿನ್ನನ್ನ ಕೇಳಲಿಲ್ಲ" ಎಂದರು ಅಕ್ಕ.

"ನಮ್ಮವ್ವ" ಎಂದೆ.

"ಹೆಸರು?"

ಹೇಳಿದೆ. ನನ್ನ ತಾಯಿಯ ಹೆಸರನ್ನು ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಶಲ್ಯಗಳೆಲ್ಲ ಹೊಲಿದು ಬಂದಾಗ ಒಂದು ಶಲ್ಯದ ಅಂಚಿನ ಒಳಗಡೆ ನಮ್ಮವ್ವನ ಹೆಸರು ಇಂಗ್ಲಿಷಿನಲ್ಲಿ ಸಣ್ಣಗೆ ಇತ್ತು. ಆ ಶಲ್ಯವನ್ನು ನಾನು ಕೋಲಾಟಕ್ಕೆ ಕೊಡದೆ ಇಟ್ಟುಕೊಂಡೆ.

ಶಲ್ಯ ತರಲು ಹೋದ ಅವತ್ತೇ ಅವರು ನನ್ನ ಕೈಕೆಲಸವನ್ನು ಗುರುತು ಹಿಡಿದದ್ದು. ಒಂದು ಶಲ್ಯದ ಕೊನೆಯ ಹೊಲಿಗೆಯನ್ನು ಗಂಟು ಹಾಕದೆ ಬಿಟ್ಟಿದ್ದರು. ಸರಪಳಿ ಹೊಲಿಗೆಗೆ ಕೊನೆಯಲ್ಲಿ ಗಂಟು ಬೀಳದಿದ್ದರೆ, ಒಂದು ಎಳೆ ಎಳೆದರೆ ಇಡೀ ಅಕ್ಷರ ಸುರುಳಿಯಾಗಿ ಬಿಚ್ಚಿಕೊಂಡು ಬರುತ್ತದೆ. ನಾನು ಸುಮ್ಮನೆ ಬಟ್ಟೆಯನ್ನು ಮಗುಚಿ, ಅವರ ಮೇಜಿನ ಮೇಲಿದ್ದ ಸೂಜಿಯಿಂದ ಹಿಂಬದಿಯಲ್ಲಿ ಗಂಟು ಹಾಕಿ, ಎಳೆಯನ್ನು ಹಲ್ಲಿನಿಂದ ಕಡಿದೆ.

"ಶನಿವಾರ ಬಾ" ಎಂದರು. "ಕತ್ತರಿ ನಾನು ಕೊಡ್ತೀನಿ. ಹಲ್ಲು ಉಳಿಸ್ಕೋ."

ನಿಮಗೆ ಶನಿವಾರ ಈಜು, ಡ್ಯಾನ್ಸು, ಮತ್ತೊಂದು. ಶಾಂತಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಡ್ರೈವ್ ಮಾಡುತ್ತಲೇ ಇರುತ್ತಿದ್ದಳು. ನಾನು ಬಸ್ಸು ಬದಲಿಸಿ, ಟ್ರಾಲಿ ಎನ್ನುವ ಊರೊಳಗಿನ ರೈಲು ಹಿಡಿದು ಹೋಗುವುದನ್ನು ಕಲಿತೆ. "ಅಮ್ಮ, ನೀನು ಆ ಕಡೆಗೆಲ್ಲ ಒಬ್ಬಳೇ ಹೋಗೋದು ನಂಗೆ ಇಷ್ಟ ಇಲ್ಲ" ಎಂದು ಅವಳು ಅಂದಾಗ, "ನನಗೆ ಇಷ್ಟ" ಎಂದೆ. ಮಗಳಿಗೆ ಎದುರಾಡಿದ್ದು ಅದೇ ಮೊದಲು. ನನಗೇ ಆಶ್ಚರ್ಯವಾಯಿತು.

ಅಕ್ಕನ ಸ್ವಭಾವ ಸಿಹಿಯಾದುದಾಗಿತ್ತು ಎಂದು ನೀವು ತಿಳಿಯಬಾರದು. ಜಗಳಗಂಟಿ. ಪಕ್ಕದ ಬೂಟಿನ ಅಂಗಡಿಯವನ ಜೊತೆ ನೆರಳಿಗಾಗಿ ಜಗಳ, ಎದುರಿನ ಕ್ಯಾಸೆಟ್ಟಿನವನ ಜೊತೆ ಸದ್ದಿಗಾಗಿ ಜಗಳ. ಲಾಸ್ ಏಂಜಲೀಸ್ ಎಂಬ ಊರನ್ನು ಕಂಡರೆ ಅವರಿಗೆ ಆಗುತ್ತಲೇ ಇರಲಿಲ್ಲ. ಒಮ್ಮೆ ಯಾರೋ ಆ ಊರಿನ ಅಕ್ಷರಗಳಿದ್ದ ಟೋಪಿಯನ್ನು ರಿಪೇರಿಗೆ ತಂದರು. ಅಕ್ಕ ಅದನ್ನು ಕೈಯಿಂದ ಮುಟ್ಟದೆ, ಕತ್ತರಿಯ ತುದಿಯಿಂದ ಎತ್ತಿ, ಸತ್ತ ಇಲಿಯನ್ನು ಹಾಕುವ ಹಾಗೆ ಮಳಿಗೆಯ ಹೊರಗೆ ಇಟ್ಟು ಬಂದರು. ಬಂದವನೂ ನಕ್ಕ. "ಆಂಟಿ, ಅದು ನಮ್ಮ ಮಾವ ಕೊಟ್ಟಿದ್ದು" ಎಂದ. "ಹಂಗಾದ್ರೆ ಮಾವನಿಗೇ ವಾಪಸ್ ಕೊಡು" ಎಂದರು.

ಆ ಕೋಪಕ್ಕೆ ಕಾರಣ ಇತ್ತು. ಸುಹಾಸ, ನೀನು ಕಾರಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದ ಹಿಪ್ ಹಾಪ್ ನನಗೆ ಹಾಡು ಅನ್ನಿಸಿರಲಿಲ್ಲ, ತಾಳಕ್ಕೆ ಜಗಳವಾಡಿದ ಹಾಗೆ ಕೇಳುತ್ತಿತ್ತು. ಅದರಲ್ಲಿ ಒಂದು ಪದ್ಧತಿ ಇದೆ ಎಂದು ತಿಳಿಸಿಕೊಟ್ಟದ್ದು ಅಕ್ಕ. ಹಾಡುವವನು ತನ್ನ ಸೀಮೆಯ ಹೆಸರನ್ನು ಕೂಗಿ ಹೇಳಬೇಕು. ಭೂಪಟದಲ್ಲಿರುವ ಹೆಸರಲ್ಲ, ಬೀದಿಯವರು ಇಟ್ಟ ಹೆಸರು. ನಮ್ಮ ಕಡೆ ಸೋಬಾನೆ ಹಾಡುವವರು ಊರಮ್ಮನನ್ನು ನೆನೆಯದೆ ಬಾಯಿ ತೆರೆಯುವುದಿಲ್ಲವಲ್ಲ, ಹಾಗೆ. ಲಾಸ್ ಏಂಜಲೀಸಿನವರ ಹೆಸರುಗಳು ಜಗತ್ತಿಗೆಲ್ಲ ಗೊತ್ತು. ಸ್ಯಾನ್ ಡಿಯಾಗೋ ಎಂದರೆ ಅವರ ಲೆಕ್ಕದಲ್ಲಿ ಮೃಗಾಲಯ, ಸಮುದ್ರದ ದಂಡೆ, ನೌಕಾಪಡೆ. ಅಲ್ಲಿ ಹಾಡುವವರೂ ಇದ್ದಾರೆಯೇ ಎಂದು ಕೇಳುತ್ತಾರೆ. ಅದಕ್ಕೇ ಇಲ್ಲಿಯವರು ಡೇಗೋ ಎನ್ನುವಾಗ ಗದ್ದ ಸ್ವಲ್ಪ ಮೇಲೆತ್ತಿ ಹೇಳುತ್ತಾರೆ.

ಆ ಹೆಸರನ್ನು ಮೊದಲು ಇಟ್ಟವರು ಯಾರು ಎಂದು ಅಕ್ಕನನ್ನು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಸಿಗುತ್ತಿತ್ತು. ಅವರ ತಂದೆ ನೌಕಾಪಡೆಯ ಹಡಗಿನಲ್ಲಿ ಅಡುಗೆಯವರು. ಬಂದರಿನ ದೀಪ ಕಂಡಾಗ ಹಡಗಿನವರೆಲ್ಲ ಡೇಗೋ ಎಂದು ಕೂಗುತ್ತಿದ್ದರು, ಅಲ್ಲಿಂದ ಬಂತು ಎಂದು ಒಬ್ಬರಿಗೆ ಹೇಳಿದರು. ನಾನು ಹುಡುಗಿಯಾಗಿದ್ದಾಗ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ, ಮೆಕ್ಸಿಕೋದ ಹೆಂಗಸರೂ ನಾವೂ ಸಾಲಾಗಿ ನಿಂತು ಹಾಡುತ್ತಾ ಆ ಹೆಸರನ್ನು ಮೊಟಕು ಮಾಡಿದೆವು ಎಂದು ಇನ್ನೊಬ್ಬರಿಗೆ. ಬಸ್ಸಿನ ಹಿಂದಿನ ಸೀಟಿನ ಶಾಲೆ ಮಕ್ಕಳು ಮಾಡಿದ್ದು ಎಂದು ಮತ್ತೊಬ್ಬರಿಗೆ.

ಒಂದು ಶನಿವಾರ ಧೈರ್ಯ ಮಾಡಿ ಕೇಳಿದೆ. "ಅಕ್ಕ, ಹೋದ ವಾರ ಬೇರೆ ಹೇಳಿದ್ರಲ್ಲ?"

"ಹೋದ ವಾರ ಕೇಳಿದವನು ಬೇರೆ."

"ಯಾವುದು ನಿಜ?"

ಅವರು ಹಿಡಿ ತಿರುಗಿಸುವುದನ್ನು ನಿಲ್ಲಿಸಿದರು. "ನಿಮ್ಮ ಸೀಮೆಗೆ ಅಡ್ಡಹೆಸರು ಇದೆಯಾ?"

"ಇದೆ. ಮುದ್ದೆ ಸೀಮೆ ಅಂತಾರೆ." ರಾಗಿ ಮುದ್ದೆ ಎಂದರೆ ಏನೆಂದು ಎರಡೂ ಕೈಯಲ್ಲಿ ಉಂಡೆ ಮಾಡಿ ತೋರಿಸಿದೆ.

"ಆ ಹೆಸರು ಇಟ್ಟವನ ಮನೆ ಯಾವ ಬೀದೀಲಿದೆ, ತೋರಿಸ್ತೀಯಾ?"

ನನಗೆ ನಗು ಬಂತು.

"ನೀನು ಯಾರ ಬಾಯಲ್ಲಿ ಕೇಳ್ದೆ? ಅದನ್ನ ಹೇಳು. ಅದಾದ್ರೆ ಹೇಳಬಹುದು."

ಮದುವೆಯಾಗಿ ಮೈಸೂರಿನ ಮನೆಗೆ ಬಂದ ಮೊದಲ ದಿನ, ಅಡುಗೆಮನೆಯ ತುಂಬಾ ಜನ ಇದ್ದಾಗ ನಮ್ಮ ಓರಗಿತ್ತಿ, "ಮುದ್ದೆ ಸೀಮೆಯಿಂದ ಬಂದಿದಾಳೆ, ಇವಳಿಗೆ ಚಪಾತಿ ಲಟ್ಟಿಸೋಕೆ ಯಾರಾದ್ರೂ ಹೇಳ್ಕೊಡಿ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅಲ್ಲಿಯವರೆಗೆ ನಾನು ಇದ್ದದ್ದು ಒಂದು ಸೀಮೆ, ಅದಕ್ಕೊಂದು ಹೆಸರು ಎಂದು ನನಗೆ ಗೊತ್ತಿರಲಿಲ್ಲ. ಇದನ್ನು ನಿಮ್ಮ ತಾತನಿಗೂ ಹೇಳಿರಲಿಲ್ಲ. ಅಕ್ಕನಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ.

ಅವರು ನಗಲಿಲ್ಲ. ಒಂದು ಖಾಲಿ ಟೋಪಿಯನ್ನು ನನ್ನ ಮುಂದೆ ಇಟ್ಟು, ಕುರ್ಚಿಯಿಂದ ಎದ್ದು, "ಕೂತ್ಕೋ. ನಿನ್ನ ಅಕ್ಷರದಲ್ಲಿ ಹೊಲಿ" ಎಂದರು. ಹಿಡಿಯ ಮೇಲೆ ನನ್ನ ಕೈ, ನನ್ನ ಕೈಯ ಮೇಲೆ ಅವರ ಕೈ. ‘ಮುದ್ದೆ ಸೀಮೆ’ ಎಂದು ಸೊಟ್ಟಪಟ್ಟ ಹೊಲಿದು ಮುಗಿಸಿದೆ. ಆಮೇಲೆ ಟೋಪಿಯನ್ನು ಮಗುಚಿದರು.

"ಓರಗಿತ್ತಿ ಹೆಸರು?"

"ಬೇಡ ಅಕ್ಕ. ಅವಳು ಹಂಗಿಸಿ ಅಂದದ್ದು."

"ಇಲ್ಲಿ ಅರ್ಧ ಟೋಪಿ ಒಳಗೆ ಇರೋದು ಹಂಗಿಸಿದವರ ಹೆಸರೇ. ಹೊಲಿ. ಇನ್ಮೇಲೆ ಅವಳು ನಿನ್ನ ಬೆವರು ಕುಡ್ಕೊಂಡಿರಲಿ."

ಹೊಲಿದೆ. ಟೋಪಿ ಹಾಕಿಕೊಂಡು, ಸೀರೆಯುಟ್ಟ ನಾನು ಸಂತೆಯ ಕನ್ನಡಿಯಲ್ಲಿ ನೋಡಿಕೊಂಡೆ. ಬೂಟಿನ ಅಂಗಡಿಯವನು ಚಪ್ಪಾಳೆ ತಟ್ಟಿದ. ನನಗೂ ಒಂದು ಡೇಗೋ ಟೋಪಿ ಬೇಕೆಂದು ಕೇಳಿದ್ದಕ್ಕೆ ಮಾತ್ರ ಅಕ್ಕ, "ನೀನು ಗುಡ್ಡದ ಮೇಲಿನ ಮನೆಯವಳು, ಇನ್ನೂ ಆಗಿಲ್ಲ" ಎಂದು ಖಂಡಿತವಾಗಿ ಹೇಳಿದರು.

ಹೀಗೆ ಎರಡು ಮೂರು ವರ್ಷ ಕಳೆದ ಮೇಲೆ ಲಾಸ್ ಏಂಜಲೀಸಿನ ಒಬ್ಬ ಮನುಷ್ಯ ಬಂದ. ಹಾಡಿನ ಕಂಪನಿಯವನು. ಹೊಳೆಯುವ ಬೂಟು, ಮೆತ್ತಗಿನ ಮಾತು. ತಮ್ಮ ಕಂಪನಿಯ ಹೊಸ ಹಾಡುಗಾರನ ಆಲ್ಬಮ್ ಬರುತ್ತಿದೆ, ಅದರ ಹೆಸರಿನಲ್ಲೇ ಡೇಗೋ ಇದೆ, ರಾಶಿ ಟೋಪಿ ಬೇಕು, ಕೈಹೊಲಿಗೆಯದೇ ಆಗಬೇಕು ಎಂದ. ಅಕ್ಕ ಕೈ ತೆಗೆದು, ಕನ್ನಡಕ ಇಳಿಸಿ, ಪ್ರಶ್ನೆ ಕೇಳಿದರು.

"ಒಳಗಡೆ ನಮ್ಮ ಹಾಡುಗಾರನ ಹೆಸರು ಹೊಲೀರಿ, ಎಲ್ಲದಕ್ಕೂ ಅದೊಂದೇ" ಎಂದ. "ಈ ಹೆಸರು ಕೊಟ್ಟವನೇ ಅವನು."

"ಅವನಿಗೆ ಕೊಟ್ಟವರು ಯಾರು?"

"ಬೀದಿಯಿಂದ ಬಂತು ಆಂಟಿ."

"ಯಾವ ಬೀದಿ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ನೋಡಿ, ಇವನ ಹಾಡು ಬರೋಕೆ ಮುಂಚೆ ಈ ಊರಿಗೆ ಹೆಸರೆಲ್ಲಿತ್ತು? ನಿಮ್ಮೂರಲ್ಲಿ ಝೂ ಬಿಟ್ರೆ ಏನಿದೆ?"

"ಝೂನಲ್ಲಿ ಒಂದು ಗೂಡು ಖಾಲಿ ಇದೆ. ನಿನ್ನ ಅಳತೆಗೆ ಸರಿಹೋಗುತ್ತೆ."

ಸುತ್ತ ನಿಂತವರು ನಕ್ಕರು. ಅವನೂ ನಕ್ಕ, ಆದರೆ ಹೋಗುವ ಮುನ್ನ ಮೆತ್ತಗೆ ಇನ್ನೊಂದು ಮಾತು ಹೇಳಿದ. ಆ ಹೆಸರನ್ನು ಟೋಪಿಗೆ, ಅಂಗಿಗೆ ಹಾಕುವ ಹಕ್ಕನ್ನು ಕಂಪನಿಯ ಹೆಸರಿಗೆ ರಿಜಿಸ್ಟರ್ ಮಾಡಿಸುತ್ತಿದ್ದಾರೆ. ಅದು ಆದ ಮೇಲೆ ಹೊಲಿಯಬೇಕಾದರೆ ಅವರ ಅಪ್ಪಣೆ ಬೇಕಾಗುತ್ತದೆ.

ಅವನು ಹೋದ ಮೇಲೆ ಅಕ್ಕ ಮೆಷಿನ್ನಿನಿಂದ ಬಟ್ಟೆ ಬಿಡಿಸಿ ಪಕ್ಕಕ್ಕಿಟ್ಟರು. ತಮ್ಮ ತಲೆಯ ಮೇಲಿನ ಹಳೆಯ ಟೋಪಿಯನ್ನು ತೆಗೆದು ಒಳಪಟ್ಟಿಯ ಮೇಲೆ ಬೆರಳಾಡಿಸಿದರು. ಅಲ್ಲಿ ಅವರ ತಂದೆಯ ಹೆಸರಿತ್ತು. "ನಮ್ಮಪ್ಪನ ಹೆಸರು ಹೊಲಿಯೋಕೆ ನಾನು ಅವನ ಅಪ್ಪಣೆ ಕೇಳಬೇಕಂತೆ" ಎಂದರು. ಸಂತೆಯಲ್ಲಿ ಅವರ ದನಿ ಇಳಿದದ್ದನ್ನು ನಾನು ಕೇಳಿದ್ದು ಅವತ್ತು ಮಾತ್ರ.

ಮರುವಾರ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಆಲ್ಬಮ್ ಬಿಡುಗಡೆಯ ದಿನ ಆ ಹಾಡುಗಾರ ಲಾಸ್ ಏಂಜಲೀಸಿನ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೂತು ಜನರಿಗೆ ಸಹಿ ಹಾಕಿ ಕೊಡುತ್ತಾನೆ. ಅಕ್ಕ ಅಲ್ಲಿಗೆ ಹೋಗುತ್ತಾರೆ. ವಾರವೆಲ್ಲ ತಮ್ಮ ಗಿರಾಕಿಗಳ ಮನೆಗಳಿಗೆ ಫೋನ್ ಮಾಡಿ, ಒಂದು ದಿನದ ಮಟ್ಟಿಗೆ ಎಂದು ಟೋಪಿಗಳನ್ನು ವಾಪಸ್ ತರಿಸಿಕೊಂಡಿದ್ದರು. ಒಗೆಯುವ ಬಟ್ಟೆ ತುಂಬುವ ಚೀಲ ಟೋಪಿಗಳಿಂದ ಉಬ್ಬಿತ್ತು.

"ನೀನೂ ಬರ್ತೀಯ" ಎಂದರು. ಕೇಳಲಿಲ್ಲ, ಹೇಳಿದರು.

ರೈಲಿನಲ್ಲಿ ಹೋದೆವು. ಎಡಗಡೆ ಸಮುದ್ರ, ನಮ್ಮಿಬ್ಬರ ನಡುವೆ ಟೋಪಿಯ ಚೀಲ. ನಾನು ಕಟ್ಟಿಕೊಂಡು ಹೋಗಿದ್ದ ರಾಗಿ ರೊಟ್ಟಿಯನ್ನೂ ಹುಚ್ಚೆಳ್ಳು ಚಟ್ನಿಯನ್ನೂ ಬಿಚ್ಚಿದೆ. "ಇದು ರಸ್ತೆಗೆ ಹಾಕೋ ಟಾರಿನ ಹಂಗಿದೆ" ಎಂದು ಹೇಳಿ ಮೂರನೆಯದಕ್ಕೂ ಕೈ ಚಾಚಿದರು. "ಭಯ ಆಗ್ತಿದೆಯಾ?" ಎಂದು ಕೇಳಿದರು. ಆಗುತ್ತಿದೆ ಎಂದೆ. "ನನಗೂ" ಎಂದು ಕಿಟಕಿಯ ಕಡೆ ತಿರುಗಿದರು.

ಅಂಗಡಿಯ ಮುಂದೆ ಸಾಲು ಬೀದಿಯ ತಿರುವಿನವರೆಗೆ ಇತ್ತು. ಎಲ್ಲರೂ ಹರೆಯದವರು. ಅವರ ನಡುವೆ ಬಳೆಯಂಥ ಓಲೆಯ ಅಕ್ಕ, ಸೀರೆಯ ಮೇಲೆ ಸ್ವೆಟರ್ ತೊಟ್ಟ ನಾನು. ಹಿಂದಿನವನೊಬ್ಬ, "ಅಜ್ಜೀ, ಔಷಧಿ ಅಂಗಡಿ ಪಕ್ಕದ್ದು" ಎಂದ. "ನಿಂತಿರು, ಸ್ವಲ್ಪ ಹೊತ್ತಿಗೆ ನಿನಗೇ ಬೇಕಾಗುತ್ತೆ" ಎಂದರು ಅಕ್ಕ. ಆಮೇಲೆ ಅವನೇ ಚೀಲ ಹಿಡಿದುಕೊಳ್ಳಲು ಸಹಾಯ ಮಾಡಿದ.

ಹಾಡುಗಾರ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವನು, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಸಹಿ ಹಾಕಿ ಹಾಕಿ ಕೈ ನೋಯುತ್ತಿತ್ತೋ ಏನೋ, ಬೆರಳು ಮಡಚಿ ಬಿಚ್ಚುತ್ತಿದ್ದ. ಅವನ ಹಿಂದೆ ಆ ಹೊಳೆಯುವ ಬೂಟಿನವನು ನಿಂತಿದ್ದ. ಅಕ್ಕನನ್ನು ನೋಡಿದವನೇ ಅವನು ಮುಂದೆ ಬಂದ. ಅಕ್ಕ ಅವನನ್ನು ಕಂಬವನ್ನು ದಾಟುವ ಹಾಗೆ ದಾಟಿ, ಒಂದು ಹೊಸ ಟೋಪಿಯನ್ನು ಹಾಡುಗಾರನ ಮುಂದೆ ಇಟ್ಟರು. ಮುಂದೆ ಡೇಗೋ ಎಂದು ಹೊಲಿದಿತ್ತು. ಒಳಪಟ್ಟಿ ಖಾಲಿ ಇತ್ತು. ಅವನು ಸಹಿ ಹಾಕಲು ಪೆನ್ನು ಎತ್ತಿದ.

"ಸಹಿ ಬೇಡ ಮಗ. ಈ ಮಾತನ್ನ ಮೊದಲು ಯಾರ ಬಾಯಲ್ಲಿ ಕೇಳ್ದೆ?"

ಅವನು ಹಿಂದೆ ತಿರುಗಿ ಬೂಟಿನವನ ಮುಖ ನೋಡಿದ. "ಅವನೇ ಇಟ್ಟ ಹೆಸರು ಅಂತ ಹೇಳಿದೆನಲ್ಲ. ಮುಂದಿನವರು ಬನ್ನಿ" ಎಂದ ಬೂಟಿನವನು.

ಅಕ್ಕ ಚೀಲವನ್ನು ಮೇಜಿನ ಮೇಲೆ ಸುರಿದರು. ಟೋಪಿಗಳೆಲ್ಲ ಮಗುಚಿ ಬಿದ್ದವು. ಬೆವರಿನ ಕಲೆ, ಎಣ್ಣೆಯ ಕಲೆ, ಅವುಗಳ ನಡುವೆ ಸಣ್ಣ ಅಕ್ಷರದ ಹೆಸರುಗಳು. ಅಜ್ಜಿಯರು, ಚಿಕ್ಕಪ್ಪಂದಿರು, ಹಡಗಿನವರು, ಮೀನು ಕಾರ್ಖಾನೆಯ ಹೆಂಗಸರು, ಬಸ್ಸಿನ ಡ್ರೈವರು, ಒಬ್ಬ ಪಾದ್ರಿ. ಹಾಡುಗಾರ ಒಂದನ್ನು ಎತ್ತಿ ಓದಿದ. ಇನ್ನೊಂದನ್ನು ಎತ್ತಿದ. ಅಕ್ಕ ಕನ್ನಡಕ ಇಳಿಸಿ ನಿಂತಿದ್ದರು. ಕಾಯುವುದು ಅವರಿಗೆ ಅಭ್ಯಾಸವಾಗಿತ್ತು. ಉತ್ತರ ಬರುವವರೆಗೆ ಸೂಜಿ ಇಳಿಸದೆ ಕಾಯುವುದೇ ಅವರ ಕೆಲಸವಾಗಿತ್ತಲ್ಲ.

"ನಮ್ಮ ಸೋದರಮಾವ" ಎಂದ ಅವನು, ಮೇಜಿನ ಕಡೆಗೇ ನೋಡುತ್ತಾ. "ಶಾಲೆ ಬಿಟ್ಟ ಮೇಲೆ ನನ್ನನ್ನ ಕರ್ಕೊಂಡು ಹೋಗೋಕೆ ಬರ್ತಿದ್ದ. ಕಾರಿನ ಕಿಟಕಿಯಿಂದ ಕೂಗೋನು. ಈಗಿಲ್ಲ."

"ಹೆಸರು?"

ಹೇಳಿದ.

ಮೆಷಿನ್ ಸ್ಯಾನ್ ಡಿಯಾಗೋದಲ್ಲಿತ್ತು. ಅಕ್ಕ ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ಆ ವರ್ಷದಿಂದ ಅವರ ಕೈ ನಡುಗಲು ಶುರುವಾಗಿತ್ತು, ಸೂಜಿಯ ಕಣ್ಣೂ ಕಾಣುತ್ತಿರಲಿಲ್ಲ. ನನ್ನ ಕಡೆ ತಿರುಗಿದರು.

"ಹೊಲಿ."

ಅಷ್ಟು ಜನರ ಎದುರು. ನಾನು ನಮ್ಮ ಮದುವೆಯಲ್ಲಿ ಕೂಡ ತಲೆ ಎತ್ತಿರಲಿಲ್ಲ. ಬ್ಲೌಸಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದೆ. ಹಾಡುಗಾರ ಒಂದೊಂದೇ ಅಕ್ಷರ ಹೇಳಿದ, ನಾನು ಒಂದೊಂದೇ ಅಕ್ಷರ ಹೊಲಿದೆ. ಹೊತ್ತಾಯಿತು ಎಂದು ಬೂಟಿನವನು ಅಂದಾಗ, "ಇರಿ, ಮುಗೀಲಿ" ಎಂದು ಹಾಡುಗಾರನೇ ಹೇಳಿದ. ಸಾಲಿನವರು ಮುಂದಕ್ಕೆ ಬಾಗಿ ನೋಡುತ್ತಿದ್ದರು. ಕೊನೆಯ ಅಕ್ಷರ ಮುಗಿಸಿ, ಹಿಂಬದಿಯಲ್ಲಿ ಗಂಟು ಹಾಕಿ, ಕತ್ತರಿ ಇಲ್ಲದ್ದರಿಂದ ಹಲ್ಲಿನಿಂದಲೇ ಎಳೆ ಕಡಿದೆ. ಅವನು ತನ್ನ ತಲೆಯ ಮೇಲಿದ್ದ ಕಂಪನಿಯ ಟೋಪಿಯನ್ನು ತೆಗೆದು ಮೇಜಿನ ಮೇಲೆ ಇಟ್ಟ. ಇದನ್ನು ಹಾಕಿಕೊಂಡ.

ಇದರಿಂದ ಕಂಪನಿ ಸೋತಿತು ಎಂದು ನಾನು ಬರೆಯಲಾರೆ. ಆಲ್ಬಮ್ಮಿನ ಮೇಲೆ, ಆ ಹೆಸರು ಅವನೇ ಕೊಟ್ಟದ್ದು ಎಂದು ಮೊದಲಿನ ಹಾಗೆಯೇ ಅಚ್ಚಾಗಿತ್ತು. ಮಾಲುಗಳಲ್ಲಿ ಅಚ್ಚು ಹಾಕಿದ ಡೇಗೋ ಟೋಪಿಗಳು ಬಂದವು. ಒಳಪಟ್ಟಿಯ ಮೇಲೆ ಅಳತೆಯ ನಂಬರು ಬಿಟ್ಟರೆ ಏನೂ ಇಲ್ಲ. ರಿಜಿಸ್ಟರ್ ಆಯಿತೋ ಬಿಟ್ಟಿತೋ ನಮಗೆ ಗೊತ್ತಾಗಲಿಲ್ಲ. ಅಕ್ಕ ವಿಚಾರಿಸಲಿಲ್ಲ, ಅಪ್ಪಣೆ ಕೇಳಲಿಲ್ಲ, ಒಂದು ಶನಿವಾರವೂ ಹೊಲಿಯುವುದನ್ನು ನಿಲ್ಲಿಸಲಿಲ್ಲ. "ಬರೋರು ಬರಲಿ. ಬಂದರೆ ಪ್ರಶ್ನೆ ಕೇಳ್ತೀನಿ" ಎನ್ನುತ್ತಿದ್ದರು.

ಬಂದವರು ಬೇರೆ. ಮಾಲಿನಲ್ಲಿ ಟೋಪಿ ಕೊಂಡ ಹುಡುಗ ಹುಡುಗಿಯರು ಅದನ್ನು ಹಿಡಿದುಕೊಂಡು ಸಂತೆಗೆ ಬರತೊಡಗಿದರು. "ಆಂಟಿ, ಒಳಗಡೆ ಹೆಸರು ಹಾಕಿಕೊಡಿ." ಆ ಟೋಪಿಗಳನ್ನು ಅಕ್ಕ ಕತ್ತರಿಯ ತುದಿಯಿಂದಲೇ ಎತ್ತುತ್ತಿದ್ದರು. ಮೂಗು ಮುರಿಯುತ್ತಲೇ ನನಗೆ ಕೊಡುತ್ತಿದ್ದರು. ನಾನು ಹೊಲಿಯುತ್ತಿದ್ದೆ.

ಆ ವರ್ಷದ ಯುಗಾದಿ ಊಟದಲ್ಲಿ ಕಾರ್ಮೆಲ್ ವ್ಯಾಲಿಯ ಒಬ್ಬಾಕೆ, "ಆಂಟಿ, ನೀವು ಆ ಏರಿಯಾಗೆಲ್ಲ ಹೋಗ್ತೀರಂತೆ? ಅದೇನೋ ರ್‍ಯಾಪ್‌ನವರ ಟೋಪಿ ಹೊಲೀತೀರಂತೆ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ಎಲ್ಲರೂ ಒಬ್ಬಟ್ಟಿನ ತಟ್ಟೆಯಿಂದ ತಲೆ ಎತ್ತಿದರು. ಮೊದಲಾಗಿದ್ದರೆ ನಾನು ಸೆರಗು ಹೊದ್ದುಕೊಳ್ಳುತ್ತಿದ್ದೆ. "ಹೌದು ಕಣಮ್ಮ. ನಿಂದೂ ತಗೊ ಬಾ, ಹೊಲ್ಕೊಡ್ತೀನಿ. ಮೊದಲು ಒಂದು ಪ್ರಶ್ನೆ ಇರುತ್ತೆ" ಎಂದೆ. ಶಾಂತಲ ನನ್ನನ್ನೇ ನೋಡುತ್ತಿದ್ದಳು. ಅವಳೇ ಆ ರಾತ್ರಿ ಆ ಪ್ರಶ್ನೆ ಏನೆಂದು ಕೇಳಿದ್ದು. ಮುಂದಿನ ಶನಿವಾರದಿಂದ ನನ್ನನ್ನು ಕಾರಿನಲ್ಲಿ ಬಿಟ್ಟು ಬರತೊಡಗಿದಳು.

ಲಾಸ್ ಏಂಜಲೀಸಿನಿಂದ ಬಂದ ಮೇಲೆ ಅಕ್ಕ ನನಗೆ ಡೇಗೋ ಟೋಪಿ ಹೊಲಿದುಕೊಟ್ಟಿದ್ದರು. ಗುಡ್ಡದ ಮೇಲಿನ ಮನೆಯ ಮಾತು ಎತ್ತಲಿಲ್ಲ. ಕನ್ನಡಕ ಇಳಿಸಿ, ನನಗೂ ಪ್ರಶ್ನೆ ಕೇಳಿದರು.

"ನಿಮ್ಮ ಬಾಯಲ್ಲಿ" ಎಂದೆ.

"ಅಕ್ಕ ಅಂದ್ರೆ ಸಾಲದು."

ಅವರ ಪೂರ್ತಿ ಹೆಸರನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ನಡುಗುವ ಕೈಯಿಂದ ಅವರೇ ತಮ್ಮ ಹೆಸರನ್ನು ಒಳಗೆ ಹೊಲಿದರು. ಅಕ್ಷರಗಳು ಸ್ವಲ್ಪ ಸೊಟ್ಟವಾಗಿವೆ. ಅಷ್ಟು ಜನರ ಟೋಪಿ ಹೊಲಿದವರು ತಮ್ಮ ಹೆಸರನ್ನು ಹೊಲಿದದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು.

ಅವರು ಹೋದದ್ದು ಎರಡು ಸಾವಿರದ ಎಂಟರಲ್ಲಿ. ಅವರ ಚರ್ಚಿನಲ್ಲಿ ಜನ ಹಿಡಿಸಲಿಲ್ಲ. ಶಾಂತಲ, ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಬೂಟಿನ ಅಂಗಡಿಯವನೂ ಕ್ಯಾಸೆಟ್ಟಿನವನೂ ಅಕ್ಕಪಕ್ಕ ಕೂತು ಅಳುತ್ತಿದ್ದರು. ದೇವರ ಮನೆಯೊಳಗೆ ಟೋಪಿ ಹಾಕಿಕೊಳ್ಳುವಂತಿಲ್ಲವಾದ್ದರಿಂದ ಒಳಗೆ ಬಂದವರೆಲ್ಲ ಟೋಪಿ ತೆಗೆದು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಿದ್ದರು. ಸಾಲು ಸಾಲು ಬೆಂಚುಗಳಲ್ಲಿ ಎಲ್ಲರ ಟೋಪಿಯ ಒಳಗು ಮೇಲಾಗಿತ್ತು. ಪಾದ್ರಿಗಳು ಡೇಗೋ ಎಂಬ ಹೆಸರು ಎಲ್ಲಿಂದ ಬಂತೆಂದು ಏನೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ನಮ್ಮ ಗರಾಜಿನಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿರುವುದು ಅವರ ಮೆಷಿನ್. ಅವರ ಮಗಳು ತಂದು ಕೊಟ್ಟಳು. ನನ್ನ ಡೇಗೋ ಟೋಪಿ ಅದರ ಮೇಲೇ ಇದೆ. ಸುಹಾಸ, ಮೇದಿನಿ, ನಿಮ್ಮಲ್ಲಿ ಯಾರಿಗೆ ಬೇಕೋ ತೆಗೆದುಕೊಳ್ಳಿ. ಅವರ ಹೆಸರನ್ನು ಓದಬೇಕೆನಿಸಿದರೆ ಮಗುಚಿ ನೋಡಿ. ಅದರ ಪಕ್ಕದಲ್ಲಿ ಒಳಪಟ್ಟಿ ಇನ್ನೂ ಖಾಲಿ ಇದೆ.

ಆದರೆ ಸುಮ್ಮನೆ ಕೊಡುವುದಿಲ್ಲ. ದಾರ ಏರಿಸಿಟ್ಟು ಕೂತಿರುತ್ತೇನೆ. ಹಿಡಿಯಿಂದ ಕೈ ತೆಗೆದು, ಕನ್ನಡಕ ಇಳಿಸಿ, ಕೇಳುತ್ತೇನೆ. ಸುಹಾಸ, ನೀನು ಹಾಡಿನಲ್ಲಿ ಕೇಳಿದೆ ಎನ್ನಲು ಹೊರಡಬಹುದು. ಅದಕ್ಕೂ ಮುಂಚೆ ಶನಿವಾರದ ಸಂಜೆಗಳಲ್ಲಿ ಊಟಕ್ಕೆ ಕೂತಾಗ ಆ ಮಾತನ್ನು ಗದ್ದ ಎತ್ತಿ ಹೇಳುತ್ತಿದ್ದವರು ಯಾರು ಎಂದು ಸರಿಯಾಗಿ ನೆನಪು ಮಾಡಿಕೊಂಡು ಬಾ.

ಅಜ್ಜಿ ಎಂದರೆ ಸಾಲದು. ಹೆಸರು ಹೇಳಬೇಕು.